ಹೊಸ ಬ್ಯಾಟರಿ ಹಾಕಿಸಿದರೂ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ, ಏಕೆ?

ಓದುಗರ ಪ್ರಶ್ನೆ: ನಮ್ಮ ಮನೆ ಮೂಡಿಗೆರೆ ಸಮೀಪದ ತೋಟದೊಳಗಿದೆ. ಎಂಟು ವರ್ಷ ಹಳೆಯ ಪೆಟ್ರೋಲ್ ಕಾರನ್ನು ವಾರಕ್ಕೆ ಒಂದೆರಡು ಬಾರಿ ಮಾತ್ರ ಹೊರಗೆ ತೆಗೆಯುತ್ತೇವೆ. ಚಳಿಗಾಲದ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದೇ ಇಲ್ಲ, ಬಿಸಿಲು ಬಂದ ಮೇಲೆ ಕೆಲವೊಮ್ಮೆ ಆಗುತ್ತದೆ. ಮೂರು ತಿಂಗಳ ಹಿಂದೆ ಬ್ಯಾಟರಿ ಬದಲಾಯಿಸಿದೆವು, ತೊಂದರೆ ಹೋಗಲಿಲ್ಲ. ಈಗ ಎಂಜಿನನ್ನು ತಿರುಗಿಸುವ ಸೆಲ್ಫ್ ಮೋಟಾರ್ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಬದಲಾಯಿಸಬೇಕೇ?

ಸದ್ಯಕ್ಕೆ ಬೇಡ. ನಿಮ್ಮ ಪ್ರಶ್ನೆಯಲ್ಲಿ ಬಹಳ ಮುಖ್ಯವಾದ ಒಂದು ಸಂಗತಿ ಬಿಟ್ಟುಹೋಗಿದೆ: ಕೀಲಿ ತಿರುಗಿಸಿದಾಗ ಎಂಜಿನ್ ತಿರುಗುತ್ತದೆಯೇ, ಇಲ್ಲವೇ? ಸೆಲ್ಫ್ ಹೊಡೆದಾಗ ಎಂಜಿನ್ ಎಂದಿನ ವೇಗದಲ್ಲಿ ತಿರುಗಿಯೂ ಹತ್ತಿಕೊಳ್ಳದಿರುವುದು ಒಂದು ಕಾಯಿಲೆ. ‘ಟಕ್’ ಎಂದು ಸದ್ದು ಮಾಡಿ ಸುಮ್ಮನಾಗುವುದು ಅಥವಾ ನರಳುತ್ತಾ ನಿಧಾನವಾಗಿ ತಿರುಗುವುದು ಬೇರೆಯೇ ಕಾಯಿಲೆ. ಮೊದಲನೆಯದರಲ್ಲಿ ಪೆಟ್ರೋಲ್, ಕಿಡಿ, ಸೆನ್ಸರ್‌ಗಳ ಕಡೆ ನೋಡಬೇಕು. ಎರಡನೆಯದರಲ್ಲಿ ಬ್ಯಾಟರಿ, ಕೇಬಲ್, ಸೆಲ್ಫ್ ಮೋಟಾರ್‌ಗಳ ಕಡೆ. ಇವೆರಡನ್ನೂ ‘ಸ್ಟಾರ್ಟ್ ಆಗುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವುದರಿಂದಲೇ ಅನೇಕರು ಬೇಡದ ಭಾಗಗಳಿಗೆ ಹಣ ಸುರಿಯುತ್ತಾರೆ. ಸೆಲ್ಫ್ ಮೋಟಾರ್ ಬದಲಾಯಿಸಲು ಹೇಳಿದ್ದಾರೆಂದರೆ ನಿಮ್ಮದು ಎರಡನೆಯ ಬಗೆ ಎಂದು ಊಹಿಸಿ ಅಲ್ಲಿಂದಲೇ ಆರಂಭಿಸುತ್ತೇನೆ.

ಮೊದಲು ಚಳಿಯ ಮಾತು. ಚಳಿಯಲ್ಲಿ ಎಂಜಿನ್ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಇದು ನಿಜ. ಆದರೆ ನಮ್ಮ ಜಿಲ್ಲೆಯ ಡಿಸೆಂಬರ್, ಜನವರಿಯ ಚಳಿ ಆರೋಗ್ಯವಾಗಿರುವ ಕಾರನ್ನು ನಿಲ್ಲಿಸುವಷ್ಟು ಕಠಿಣವಾದುದಲ್ಲ. ಮೊದಲೇ ಎಲ್ಲಿಯೋ ಇದ್ದ ದೌರ್ಬಲ್ಯವನ್ನು ಅದು ಹೊರಗೆ ತರುತ್ತದೆ, ಅಷ್ಟೆ. ಮಧ್ಯಾಹ್ನ ಕಾರು ಸ್ಟಾರ್ಟ್ ಆಗುವುದಕ್ಕೂ ಇದೇ ಕಾರಣ: ಆಯಿಲ್ ತೆಳುವಾದಾಗ ಎಂಜಿನನ್ನು ತಿರುಗಿಸಲು ಬೇಕಾಗುವ ಬಲ ಕಡಿಮೆಯಾಗುತ್ತದೆ, ಆ ದೌರ್ಬಲ್ಯವಿದ್ದರೂ ಕೆಲಸ ಹೇಗೋ ಸಾಗುತ್ತದೆ.

ಆ ದೌರ್ಬಲ್ಯ ಮಲೆನಾಡಿನಲ್ಲಿ ಬಹಳ ಸಲ ಇರುವುದು ಬ್ಯಾಟರಿಯ ಒಳಗಲ್ಲ, ಅದರ ತುದಿಗಳಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗದ ಊರಿನಲ್ಲಿ ತಗಡಿನ ಶೆಡ್ಡಿನಡಿ ನಿಂತ ಕಾರಿನ ಟರ್ಮಿನಲ್‌ಗಳಿಗೆ ಬಿಳಿ ಅಥವಾ ಹಸಿರು ಪುಡಿ ಹತ್ತುವುದನ್ನು ನೀವೂ ಕಂಡಿರುತ್ತೀರಿ. ಅದಕ್ಕಿಂತ ಕಣ್ಣಿಗೆ ಬೀಳದ ಜಾಗವೆಂದರೆ ಬ್ಯಾಟರಿಯ ಮೈನಸ್ ತುದಿಯಿಂದ ಕಾರಿನ ಲೋಹದ ಮೈಗೆ ಮತ್ತು ಗೇರ್‌ಬಾಕ್ಸ್‌ಗೆ ಹೋಗುವ ಅರ್ಥ್ ಕೇಬಲ್. ಅದರ ಬೋಲ್ಟಿನ ಅಡಿಯಲ್ಲಿ ತುಕ್ಕು ಹಿಡಿದರೆ ಮೇಲಿನಿಂದ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಇಷ್ಟು ಸಣ್ಣ ತುಕ್ಕು ಇಡೀ ಕಾರನ್ನು ನಿಲ್ಲಿಸುವುದು ಹೇಗೆ ಎಂಬುದನ್ನು ಒಂದು ಲೆಕ್ಕದಲ್ಲಿ ನೋಡೋಣ. ಆ ಬೋಲ್ಟಿನಲ್ಲಿ ಒಂದು ಓಂನ (ಕರೆಂಟಿಗೆ ಆಗುವ ತಡೆಯನ್ನು ಅಳೆಯುವ ಮಾನ) ನೂರನೇ ಒಂದು ಭಾಗದಷ್ಟು ತಡೆ ಉಂಟಾಗಿದೆ ಎಂದಿಟ್ಟುಕೊಳ್ಳಿ. ಎರಡು ಹೆಡ್‌ಲೈಟ್‌ಗಳು ಎಳೆಯುವುದು ಸುಮಾರು 9 ಆಂಪಿಯರ್. ಅಲ್ಲಿ ಕಳೆದುಹೋಗುವುದು 0.09 ವೋಲ್ಟ್ ಮಾತ್ರ, ದೀಪಗಳು ಪ್ರಖರವಾಗಿಯೇ ಉರಿಯುತ್ತವೆ. ಸೆಲ್ಫ್ ಮೋಟಾರ್ 150 ಆಂಪಿಯರ್ ಎಳೆಯಲು ಹೊರಟರೆ ಅದೇ ಬೋಲ್ಟಿನಲ್ಲಿ 1.5 ವೋಲ್ಟ್ ಕಳೆದುಹೋಗುತ್ತದೆ, ಮೋಟಾರಿಗೆ ಬಲ ಸಾಲುವುದಿಲ್ಲ. ‘ಲೈಟ್ ಚೆನ್ನಾಗಿ ಉರಿಯುತ್ತಿದೆ, ಆದ್ದರಿಂದ ಕರೆಂಟ್ ಸರಿಯಿದೆ, ಸೆಲ್ಫ್ ಮೋಟಾರೇ ಹೋಗಿದೆ’ ಎಂಬ ತೀರ್ಮಾನ ಸುಳ್ಳಾಗುವುದು ಇಲ್ಲಿಯೇ. ನನ್ನ ಕಾರಿಗೂ ಹೀಗೆಯೇ ಆಗಿತ್ತು. ಆಲ್ದೂರಿನ ದಾರಿಯಲ್ಲಿ ಎರಡು ಬಾರಿ ನಿಂತ ಮೇಲೆ ಒಂದು ಗ್ಯಾರೇಜಿನಲ್ಲಿ ಸೆಲ್ಫ್ ಮೋಟಾರ್ ಬದಲಾಯಿಸಿಕೊಟ್ಟರು; ಹದಿನೈದು ದಿನದಲ್ಲಿ ತೊಂದರೆ ಮರಳಿ ಬಂತು. ಕೊನೆಗೆ ಅರ್ಥ್ ಕೇಬಲಿನ ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬಿಗಿದಾಗ ಸರಿಹೋಯಿತು. ಆ ಹಣದ ನೋವಿಗಿಂತ, ಮೊದಲೇ ಅಳೆದು ನೋಡಲಿಲ್ಲವಲ್ಲ ಎಂಬ ನೋವು ನನಗೆ ಹೆಚ್ಚಾಗಿ ಉಳಿದಿದೆ.

ಅಳೆಯುವುದು ಕಷ್ಟವೇನಲ್ಲ, ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆದಿರಿ. ಕಾರು ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯ ಎರಡು ತುದಿಗಳ ನಡುವೆ 12.6 ವೋಲ್ಟ್ ಆಸುಪಾಸು ಇದ್ದರೆ ಚಾರ್ಜ್ ತುಂಬಿದೆ, 12.2 ಇದ್ದರೆ ಅರ್ಧದಷ್ಟು ಇಳಿದಿದೆ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಆದರೆ ನಿಂತ ಕಾರಿನ ಅಳತೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ ಅದೇ ಹೊತ್ತಿನಲ್ಲಿ ಮೀಟರ್ ನೋಡಿ: 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ದುರ್ಬಲ ಅಥವಾ ಚಾರ್ಜ್ ಇಲ್ಲ. 11ರ ಹತ್ತಿರವೇ ನಿಂತು ಎಂಜಿನ್ ಮಾತ್ರ ತಿರುಗದಿದ್ದರೆ ಬ್ಯಾಟರಿಯ ತಪ್ಪಿಲ್ಲ, ಅದರ ಶಕ್ತಿ ಮೋಟಾರಿಗೆ ತಲುಪುತ್ತಿಲ್ಲ. ಆಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ ಮತ್ತೆ ಸೆಲ್ಫ್ ಹೊಡೆಸಿ. ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥ್ ಕೇಬಲಿನಲ್ಲಿ ದೋಷವಿದೆ; ಪ್ಲಸ್ ಬದಿಯಲ್ಲಿ ಬ್ಯಾಟರಿಯಿಂದ ಮೋಟಾರಿನ ದಪ್ಪ ಬೋಲ್ಟಿನವರೆಗೆ 0.5 ವೋಲ್ಟಿಗಿಂತ ಹೆಚ್ಚು ಕಳೆಯಬಾರದು. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಒಂದು ನಿಮಿಷ ಬಿಡುವು ಕೊಡಿ. ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ಬಿಗಿದ ನಂತರ ಮೇಲಿಂದ ವ್ಯಾಸಲಿನ್ ಸವರಿ.

ಹೊಸ ಬ್ಯಾಟರಿಯೇ ಪದೇಪದೇ ಖಾಲಿಯಾಗುತ್ತಿದ್ದರೆ ಎರಡು ಸಂಗತಿಗಳನ್ನು ನೋಡಬೇಕು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇಲ್ಲವಾದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಪರೀಕ್ಷಿಸಿ. ಇನ್ನೊಂದು, ನಿಂತಿರುವಾಗ ಸೋರುವ ಕರೆಂಟ್. ಗಡಿಯಾರ, ಅಲಾರಂ, ಕಂಪ್ಯೂಟರ್‌ಗಳಿಗಾಗಿ ಲಾಕ್ ಮಾಡಿದ ಕಾರು 50 ಮಿಲಿಆಂಪಿಯರ್ ಒಳಗೆ ಎಳೆಯುವುದು ಸಹಜ, ದಿನಕ್ಕೆ 1.2 ಆಂಪಿಯರ್-ಗಂಟೆಯಷ್ಟೆ. ಆದರೆ ಹೊರಗಿನಿಂದ ಹಾಕಿಸಿದ ಸ್ಟೀರಿಯೋ, ಆರದೆ ಉಳಿದ ಡಿಕ್ಕಿಯ ದೀಪ ಅಥವಾ ಜಿಪಿಎಸ್ ಪೆಟ್ಟಿಗೆ ಸೇರಿ 300 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 7.2 ಆಂಪಿಯರ್-ಗಂಟೆ ಆಯಿತು. 35 ಆಂಪಿಯರ್-ಗಂಟೆಯ ಬ್ಯಾಟರಿ ಐದನೇ ದಿನಕ್ಕೆ ಬರಿದಾಗುತ್ತದೆ. ವಾರಕ್ಕೊಮ್ಮೆ ಸಂತೆಗೆ ಹೋಗಿಬರುವ ನಿಮ್ಮಂಥವರ ಕಾರಿಗೆ ಇದು ನೇರವಾಗಿ ಅನ್ವಯಿಸುತ್ತದೆ.

ಇನ್ನು, ನನ್ನ ಊಹೆ ತಪ್ಪಾಗಿದ್ದು ನಿಮ್ಮ ಎಂಜಿನ್ ಚುರುಕಾಗಿ ತಿರುಗಿಯೂ ಹತ್ತದಿದ್ದರೆ, ಬ್ಯಾಟರಿ, ಸೆಲ್ಫ್ ಮೋಟಾರ್‌ಗಳನ್ನು ಮರೆತುಬಿಡಿ. ಕೀಲಿಯನ್ನು ಆನ್ ಸ್ಥಾನಕ್ಕೆ ತಂದು ಕಿವಿಗೊಡಿ: ಹಿಂದಿನ ಸೀಟಿನ ಕಡೆಯಿಂದ ಸುಮಾರು ಎರಡು ಸೆಕೆಂಡು ‘ಗುಂಯ್’ ಎಂಬ ಪೆಟ್ರೋಲ್ ಪಂಪಿನ ಸದ್ದು ಬರಬೇಕು. ಬಾರದಿದ್ದರೆ ಫ್ಯೂಸ್, ರಿಲೇ, ಪಂಪ್‌ಗಳನ್ನು ನೋಡಿ. ಟ್ಯಾಂಕಿನಲ್ಲಿ ಪೆಟ್ರೋಲ್ ತಳ ಕಂಡಿರುವಾಗ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿದರೆ ಪಂಪಿಗೆ ಪೆಟ್ರೋಲ್ ಸಿಗದೆ ಇರಬಹುದು. ಗುಡ್ಡದ ಮೇಲೆ ಮನೆಯಿರುವವರು ಇದನ್ನು ಮೊದಲು ಯೋಚಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರ ಮಿಟುಕುತ್ತಿದ್ದರೆ ಕಾರು ನಿಮ್ಮ ಕೀಲಿಯನ್ನು ಗುರುತಿಸುತ್ತಿಲ್ಲ, ಇನ್ನೊಂದು ಕೀಲಿಯಿಂದ ಪ್ರಯತ್ನಿಸಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಅಲ್ಲಾಡದಿದ್ದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನ ಮೇಲೆ ಅನುಮಾನ ಬರುತ್ತದೆ. ಕಾರಿನ ಕಂಪ್ಯೂಟರಿನ ದೋಷಗಳನ್ನು ಓದುವ ಸ್ಕ್ಯಾನರಿನಲ್ಲಿ ಪಿ 0335 ಎಂಬ ಕೋಡ್ ಕಂಡರೆ ಆ ಅನುಮಾನ ಬಲವಾಗುತ್ತದೆ. ಕೂಲೆಂಟ್ (ಎಂಜಿನನ್ನು ತಂಪಾಗಿಡುವ ದ್ರವ) ತಾಪವನ್ನು ಅಳೆಯುವ ಸೆನ್ಸರ್ ತಣ್ಣಗಿರುವ ಎಂಜಿನನ್ನು ಬಿಸಿಯೆಂದು ತಪ್ಪಾಗಿ ಹೇಳಿದರೂ ಬೆಳಿಗ್ಗೆ ಸಾಕಷ್ಟು ಪೆಟ್ರೋಲ್ ಸಿಗದೆ ಹೋಗುತ್ತದೆ, ಮಧ್ಯಾಹ್ನ ಸರಿಯಾಗುತ್ತದೆ. ಬಾನೆಟ್ ತೆರೆದಾಗ ಅಡಿಕೆ ಸಿಪ್ಪೆ, ಒಣ ಎಲೆ, ಹಿಕ್ಕೆ ಕಂಡರೆ ಪ್ರತಿಯೊಂದು ವೈರನ್ನೂ ಕೈಯಲ್ಲಿ ಹಿಡಿದು ನೋಡಿ. ಬೆಚ್ಚಗಿನ ಎಂಜಿನ್ನಿನ ಮೇಲೆ ಮಲಗಲು ಬರುವ ಇಲಿಗಳು ಇಂಜೆಕ್ಟರಿನ ವೈರ್ ಕಡಿಯುವುದು ತೋಟದ ಮನೆಗಳಲ್ಲಿ ಅಪರೂಪವಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಮೇಲಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಮಳೆಗಾಲದಲ್ಲಿ ತುಂಬಿದ ಹಳ್ಳ ದಾಟುವಾಗ ಕಾರು ನಿಂತುಹೋದರೆ ಮತ್ತೆ ಸೆಲ್ಫ್ ಹೊಡೆಯಲೇಬಾರದು. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ನೀರು ಸೇರಿರುವಾಗ ಪಿಸ್ಟನ್ ಮೇಲೇರಿದರೆ ಅದಕ್ಕೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರಹಾಕಿದರೆ ಉಳಿಯುತ್ತಿದ್ದ ಎಂಜಿನ್ ಆ ಒಂದು ಪ್ರಯತ್ನದಲ್ಲಿ ಹಾಳಾಗುತ್ತದೆ.

ನಿಮ್ಮ ಪ್ರಶ್ನೆಗೆ ಮರಳಿ ಬರುತ್ತೇನೆ. ಎರಡೂ ಕೇಬಲ್‌ಗಳ ಅಳತೆ ಮೇಲೆ ಹೇಳಿದ ಮಿತಿಯೊಳಗಿದ್ದು, ಸೆಲ್ಫ್ ಹೊಡೆಯುವಾಗಲೂ ಬ್ಯಾಟರಿ 10 ವೋಲ್ಟಿಗಿಂತ ಮೇಲಿದ್ದು, ಕೀಲಿಯಿಂದ ಸೆಲ್ಫ್ ಮೋಟಾರಿಗೆ ಬರುವ ತೆಳು ವೈರಿನಲ್ಲಿಯೂ ಕರೆಂಟ್ ಸಿಕ್ಕಿ, ಆದರೂ ಎಂಜಿನ್ ತಿರುಗದಿದ್ದರೆ ದೋಷ ಸೆಲ್ಫ್ ಮೋಟಾರಿನಲ್ಲಿಯೇ ಇದೆ. ಆಗಲೂ ಇಡೀ ಮೋಟಾರ್ ಕೊಳ್ಳುವ ಮೊದಲು ಅದನ್ನು ಆಟೋ ಎಲೆಕ್ಟ್ರಿಷಿಯನ್ ಬಳಿ ಬಿಚ್ಚಿಸಿ, ಕಾರ್ಬನ್ ಬ್ರಶ್ ಸವೆದಿದೆಯೇ, ಮೋಟಾರಿಗೆ ಕರೆಂಟ್ ಹರಿಸುವ ಸ್ವಿಚ್ಚಾದ ಸೊಲೆನಾಯ್ಡಿನ ತಾಮ್ರದ ಸಂಪರ್ಕ ಸುಟ್ಟಿದೆಯೇ ಎಂದು ನಿಮ್ಮ ಕಣ್ಣೆದುರಿಗೇ ನೋಡಿಸಿಕೊಳ್ಳಿ. ಹಲವು ಮೋಟಾರುಗಳಲ್ಲಿ ಇವೆರಡನ್ನೂ ಬಿಡಿಯಾಗಿ ಬದಲಾಯಿಸಬಹುದು.