ಮೀನಿನ ತೊಟ್ಟಿಯ ಮುಂದೆ ಹುಟ್ಟಿದ ಕಥೆ

ದೈತ್ಯಪ್ರಾಣಿಯ ಕಥೆ ಬರೆದುಕೊಂಡು ಸಲಹೆಗೆ ಬರುವ ಹೊಸ ಚಿತ್ರಕಥೆಗಾರರು ಬಹುಮಟ್ಟಿಗೆ ಒಂದೇ ಪ್ರಶ್ನೆ ಕೇಳುತ್ತಾರೆ: ಪ್ರಾಣಿಯನ್ನು ಯಾವಾಗ ತೋರಿಸಬೇಕು, ಇಂಟರ್ವಲ್‌ಗೋ ಅದಕ್ಕೂ ಮೊದಲೋ? ಅವರ ಒನ್‌ಲೈನ್ ಆರ್ಡರ್, ಅಂದರೆ ದೃಶ್ಯಗಳನ್ನು ಕ್ರಮವಾಗಿ ಚುಟುಕಾಗಿ ಬರೆದಿಟ್ಟ ಪಟ್ಟಿ, ಓದಿದರೆ ಪ್ರಾಣಿ ಬರುವ ದೃಶ್ಯಗಳೆಲ್ಲ ಪುಟಗಟ್ಟಲೆ ಹರಡಿಕೊಂಡಿದ್ದು, ಮನುಷ್ಯರ ದೃಶ್ಯಗಳು ಒಂದೊಂದು ಸಾಲಿನಲ್ಲಿ ಮುಗಿದಿರುತ್ತವೆ. ಅಂಥವರಿಗೆ ನಾನು 1954ರ ಜಪಾನೀ ಚಿತ್ರ ‘ಗೊಜಿರಾ’ವನ್ನು, ಅಂದರೆ ಮುಂದೆ ಲೋಕಕ್ಕೆಲ್ಲ ಗಾಡ್ಜಿಲ್ಲಾ ಎಂದು ಪರಿಚಯವಾದ ಪ್ರಾಣಿಯ ಮೊದಲ ಚಿತ್ರವನ್ನು, ಕಾಗದ ಪೆನ್ನು ಹಿಡಿದು ನೋಡಲು ಹೇಳುತ್ತೇನೆ. ಯಾವ ಪಾತ್ರಕ್ಕೆ ಯಾವ ಸಂಗತಿ ಯಾವಾಗ ತಿಳಿಯಿತು ಎಂಬುದನ್ನಷ್ಟೇ ಬರೆದುಕೊಂಡರೆ ಸಾಕು.

ಆ ವರ್ಷದ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರಿಕಾ ದೋಣಿಯೊಂದರ ಮೇಲೆ ಸುರಿದಿತ್ತು. ನವೆಂಬರ್ 3ರಂದು ತೆರೆಕಂಡ ಇಶಿರೊ ಹೊಂಡಾ ನಿರ್ದೇಶನದ ಈ ಚಿತ್ರ, ಕಡಲಿನಲ್ಲಿ ಹಠಾತ್ತನೆ ಹೊಳೆದ ಬೆಳಕಿಗೆ ಹಡಗೊಂದು ಉರಿದು ಮುಳುಗುವುದರಿಂದ ಆರಂಭವಾಗುತ್ತದೆ. ಅಲ್ಲಿನ ಪ್ರೇಕ್ಷಕರಿಗೆ ಬೇರೆ ಪೀಠಿಕೆ ಬೇಕಿರಲಿಲ್ಲ. ಓಡೊ ದ್ವೀಪದ ಮುದುಕ ಹೇಳುವ ಹಳೆಯ ನಂಬಿಕೆ, ಬಿರುಗಾಳಿಯ ರಾತ್ರಿ ಕುಸಿಯುವ ಮನೆಗಳು, ವಿಕಿರಣ ಸೂಸುವ ಹೆಜ್ಜೆಗುರುತು, ಹೀಗೆ ಹತ್ತಿರ ಹತ್ತಿರ ಬಂದ ಪ್ರಾಣಿ ಕೊನೆಗೆ ಗುಡ್ಡದ ಆಚೆಯಿಂದ ತಲೆಯೆತ್ತುವುದು ಹಾಡಹಗಲಿನಲ್ಲಿ. 96 ನಿಮಿಷದ ಚಿತ್ರದಲ್ಲಿ ಆಗ ಸುಮಾರು ಕಾಲು ಭಾಗವಷ್ಟೇ ಕಳೆದಿರುತ್ತದೆ. ‘ಅದೇನು’ ಎಂಬ ಕುತೂಹಲವನ್ನು ಇಷ್ಟು ಬೇಗ ಖರ್ಚು ಮಾಡಿದ ಮೇಲೆ ಉಳಿದ ಮುಕ್ಕಾಲು ಭಾಗವನ್ನು ಹೊತ್ತು ನಡೆಸುವುದು ಯಾವುದು?

ಒಂದು ಮನೆಯ ವಿಷಯ. ವಿಜ್ಞಾನಿ ಯಮಾನೆಯವರ ಮಗಳು ಎಮಿಕೊಗೆ ಸೆರಿಜಾವಾ ಎಂಬ ಯುವ ವಿಜ್ಞಾನಿಯೊಂದಿಗೆ ಮದುವೆ ನಿಶ್ಚಯವಾಗಿದೆ. ಆಕೆಯ ಮನಸ್ಸಿರುವುದು ಒಗಾಟಾ ಎಂಬ ಇನ್ನೊಬ್ಬ ಯುವಕನ ಮೇಲೆ. ಅದನ್ನು ಹೇಳಿಬಿಡಬೇಕೆಂದು ಆಕೆ ಸೆರಿಜಾವಾನ ಮನೆಗೆ ಹೋಗುತ್ತಾಳೆ. ಆಕೆ ಬಾಯಿ ತೆರೆಯುವುದರೊಳಗೆ ಅವನು ತನ್ನ ಸಂಶೋಧನೆ ತೋರಿಸುತ್ತೇನೆಂದು ನೆಲಮಾಳಿಗೆಗೆ ಕರೆದೊಯ್ಯುತ್ತಾನೆ. ಮೀನಿನ ತೊಟ್ಟಿಯ ಮುಂದೆ ಎಮಿಕೊ ಚೀರಿ ಮುಖ ಮುಚ್ಚಿಕೊಳ್ಳುವುದು ನಮಗೆ ಕಾಣುತ್ತದೆ. ತೊಟ್ಟಿಯೊಳಗೆ ಏನಾಯಿತೆಂಬುದು ಕಾಣುವುದಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಆಕೆ ಹೊರಬರುತ್ತಾಳೆ. ಒಂದು ಗುಟ್ಟನ್ನು ಇಳಿಸಲು ಹೋದವಳು ಅದನ್ನು ಇಳಿಸದೆಯೇ ಇನ್ನೊಂದನ್ನು ಹೊತ್ತು ತಂದಳು. ಇದೇ ಹೆಣಿಗೆ ಮತ್ತೊಮ್ಮೆ ಬರುತ್ತದೆ: ಮದುವೆಯ ಪ್ರಸ್ತಾಪ ಮಾಡಲು ಬಂದ ಒಗಾಟಾ, ಪ್ರಾಣಿಯನ್ನು ಕೊಲ್ಲಬೇಕೋ ಅಧ್ಯಯನ ಮಾಡಬೇಕೋ ಎಂಬ ವಾದಕ್ಕೆ ಸಿಕ್ಕಿ ಯಮಾನೆಯವರ ಸಿಟ್ಟಿಗೆ ಗುರಿಯಾಗುತ್ತಾನೆ. ಪ್ರಾಣಿ ತೆರೆಯ ಮೇಲೆ ಇಲ್ಲದಾಗಲೂ ಮನೆಯ ಮಾತುಕತೆಯನ್ನು ತುಳಿದುಕೊಂಡು ಹೋಗುತ್ತಿದೆ. ವಿಶೇಷ ಪರಿಣಾಮಗಳ ತಜ್ಞ ಎಜಿ ತ್ಸುಬುರಾಯಾ ಕಟ್ಟಿದ ಪುಟ್ಟ ಟೋಕಿಯೊ ಮತ್ತು ಪ್ರಾಣಿಯಾಗಲು ನಟ ತೊಟ್ಟ ಸುಮಾರು 100 ಕಿಲೋ ತೂಕದ ಆ ರಬ್ಬರ್ ಉಡುಪಿನ ಬಗ್ಗೆ ಮಾತಾಡುವವರು ಬಹಳ. ನನಗೆ ಅದಕ್ಕಿಂತ ಈ ಎರಡು ದೃಶ್ಯಗಳ ಕಸುಬು ದೊಡ್ಡದಾಗಿ ಕಾಣುತ್ತದೆ.

ಟೋಕಿಯೊ ಸುಟ್ಟ ಮೇಲೆ, ಆಸ್ಪತ್ರೆಯ ಗಾಯಾಳುಗಳ ನಡುವೆ ನಿಂತು ಎಮಿಕೊ ಮಾತು ಮುರಿಯುತ್ತಾಳೆ. ತೊಟ್ಟಿಯ ಮೀನುಗಳು ಬರಿಯ ಮೂಳೆಗಳಾಗುವುದನ್ನು ನಾವು ಆಗ ನೋಡುತ್ತೇವೆ. ನೀರಿನ ಆಮ್ಲಜನಕವನ್ನೇ ನಾಶ ಮಾಡುವ ಆ ಸಾಧನ ಮೊದಲೇ ನಮಗೆ ಗೊತ್ತಿದ್ದಿದ್ದರೆ, ಅದನ್ನು ತಂದು ಪ್ರಯೋಗಿಸಬಾರದೇಕೆ ಎಂದು ನಗರ ಉರಿಯುವಷ್ಟು ಹೊತ್ತೂ ಚಡಪಡಿಸುತ್ತಿದ್ದೆವು. ಈಗ ಹಾಗಲ್ಲ. ಹೆಣಗಳನ್ನು ಕಂಡು ಬಂದ ನಮಗೆ ಅಸ್ತ್ರದ ಭೀಕರತೆಯೂ ಅದರ ಅಗತ್ಯವೂ ಒಟ್ಟಿಗೇ ತಿಳಿಯುತ್ತವೆ, ಆದ್ದರಿಂದ ಅದನ್ನು ಬಳಸಲು ಕೊಡೆನೆಂಬ ಸೆರಿಜಾವಾನ ನಿರಾಕರಣೆ ಹಟವೆನಿಸದೆ ನ್ಯಾಯವೆನಿಸುತ್ತದೆ.

ರಚನೆ ಬದಲಾದರೆ ಏನಾಗುತ್ತದೆಂದು ನೋಡಲು ಪ್ರಯೋಗಶಾಲೆಯೇ ಸಿದ್ಧವಿದೆ. 1956ರಲ್ಲಿ ಅಮೆರಿಕದವರು ರೇಮಂಡ್ ಬರ್ ನಟಿಸಿದ ಪತ್ರಕರ್ತನ ದೃಶ್ಯಗಳನ್ನು ಹೊಸದಾಗಿ ಸೇರಿಸಿ, ಮೂಲವನ್ನು ಸುಮಾರು 80 ನಿಮಿಷಕ್ಕೆ ಇಳಿಸಿದರು. ಅದು ಶುರುವಾಗುವುದೇ ಬೂದಿಯಾದ ಟೋಕಿಯೊದಿಂದ. ಉಳಿದದ್ದು ಬಹುಪಾಲು ಫ್ಲ್ಯಾಶ್‌ಬ್ಯಾಕ್. ಎಲ್ಲವನ್ನೂ ಕಾಣುವ, ಆದರೆ ಏನನ್ನೂ ನಿರ್ಧರಿಸಬೇಕಿಲ್ಲದ ಒಬ್ಬನ ಕೈಗೆ ಕಥೆಯನ್ನು ಒಪ್ಪಿಸಿದರೆ ಅದು ವರದಿಯಾಗುತ್ತದೆ. ಬಾಂಬ್ ಪರೀಕ್ಷೆಗಳು ನಿಲ್ಲದಿದ್ದರೆ ಇಂಥದ್ದೇ ಇನ್ನೊಂದು ಬಂದೀತೆಂಬ ಯಮಾನೆಯವರ ಕೊನೆಯ ಮಾತೂ ಅಲ್ಲಿ ಬಿದ್ದುಹೋಗಿದೆ.

ಮೂಲ ಚಿತ್ರದಲ್ಲಿ ಕೊನೆಗೆ ಒಪ್ಪುವ ಸೆರಿಜಾವಾ ತನ್ನ ಟಿಪ್ಪಣಿಗಳನ್ನೆಲ್ಲ ಸುಟ್ಟು, ಒಗಾಟಾನೊಂದಿಗೆ ಕಡಲಿಗಿಳಿಯುತ್ತಾನೆ. ಒಗಾಟಾನನ್ನು ಮೇಲಕ್ಕೆ ಕಳುಹಿಸಿ, ಸಾಧನ ಕೆಲಸ ಮಾಡಿತೆಂದು ತಿಳಿಸಿ, ನೀವಿಬ್ಬರೂ ಸುಖವಾಗಿರಿ ಎಂದು ಹೇಳಿ ತನ್ನ ಹಗ್ಗವನ್ನು ತಾನೇ ಕತ್ತರಿಸುತ್ತಾನೆ. ಎಮಿಕೊ ಆ ಮೊದಲ ಗುಟ್ಟನ್ನು ಅವನಿಗೆ ಬಾಯಿಬಿಟ್ಟು ಹೇಳುವ ದೃಶ್ಯ ಚಿತ್ರದಲ್ಲಿ ಎಲ್ಲಿಯೂ ಇಲ್ಲ.