ಒಂದೇ ಬಿಯರ್, ಮೂರು ಲೋಟ

ಮನೆಯಲ್ಲಿ ಬಿಯರ್ ರುಚಿ ನೋಡಲು ಕೂರುವವರು ಸಾಮಾನ್ಯವಾಗಿ ಐದಾರು ಬ್ರ್ಯಾಂಡ್ ತಂದು ಸಾಲಾಗಿ ಇಟ್ಟುಕೊಳ್ಳುತ್ತಾರೆ. ಕೊನೆಗೆ ಯಾವುದು ಇಷ್ಟವಾಯಿತು ಅನ್ನುವುದು ತಿಳಿಯುತ್ತದೆ, ಯಾಕೆ ಇಷ್ಟವಾಯಿತು ಅನ್ನುವುದು ತಿಳಿಯುವುದಿಲ್ಲ. ಲೇಬಲ್ಲು, ಬೆಲೆ, ಬಾಟಲಿಯ ಬಣ್ಣ ಇವೆಲ್ಲ ನಾಲಗೆಗಿಂತ ಮುಂಚೆಯೇ ತೀರ್ಪು ಕೊಟ್ಟುಬಿಟ್ಟಿರುತ್ತವೆ. ನಾಲಗೆ, ಮೂಗು ಪಳಗಬೇಕಾದರೆ ಬ್ರ್ಯಾಂಡುಗಳ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ. ಒಂದೇ ಬಿಯರ್ ತೆಗೆದುಕೊಂಡು, ಅದರಲ್ಲಿ ಅರ್ಧವನ್ನು ಬೇಕೆಂದೇ ಕೆಡಿಸಿ, ಕೆಡದ ಅರ್ಧದ ಪಕ್ಕದಲ್ಲಿ ಇಟ್ಟು ನೋಡಬೇಕು. ಎರಡರ ನಡುವೆ ಇರುವುದು ಒಂದೇ ವ್ಯತ್ಯಾಸವಾದ್ದರಿಂದ ಆ ದೋಷದ ವಾಸನೆ ಮನಸ್ಸಿನಲ್ಲಿ ನಿಲ್ಲುತ್ತದೆ. ಮುಂದೆ ಅಂಗಡಿಯ ಬಾಟಲಿಯಾಗಲಿ, ಮನೆಯಲ್ಲಿ ಹುದುಗಿಸಿದ್ದಾಗಲಿ, ತೆರೆದ ಕೂಡಲೇ ಅದನ್ನು ಗುರುತಿಸಬಹುದು.

ಬಿಸಿಲಿನ ಪರೀಕ್ಷೆ ಎಲ್ಲಕ್ಕಿಂತ ಸುಲಭ, ಫಲವೂ ಬೇಗ. ಕಂದು ಗಾಜಿನ 650 ಮಿ.ಲೀ. ಬಾಟಲಿಯ ಮಾಮೂಲಿ ಲಾಗರ್, ಅಂದರೆ ಎಲ್ಲೆಡೆ ಸಿಗುವ ತಿಳಿ ಬಿಯರ್, ಒಂದು ಸಾಕು. ಒಂದೇ ಅಳತೆಯ ಎರಡು ಪಾರದರ್ಶಕ ಗಾಜಿನ ಜಾರುಗಳಿಗೆ ಸಮನಾಗಿ ಹಂಚಿ ಸುರಿಯಿರಿ. ಒಂದಕ್ಕೆ ಅಡಿಯಿಂದ ಬಾಯಿಯವರೆಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಎರಡರ ಬಾಯಿಗೂ ಸ್ಟೀಲ್ ತಟ್ಟೆ ಮುಚ್ಚಿ ನಡುಮಧ್ಯಾಹ್ನ ತಾರಸಿ ಮೇಲೆ 15 ನಿಮಿಷ ಇಡಿ. ಆಮೇಲೆ ಎರಡನ್ನೂ ಒಟ್ಟಿಗೆ ಫ್ರಿಜ್ಜಿಗೆ ಸೇರಿಸಿ, ಒಂದು ಗಂಟೆ ಬಿಡಿ. ಫಾಯಿಲ್ ಸುತ್ತಿದ ಜಾರನ್ನು ಒಳಗೇ ಬಿಡದೆ ಬಿಸಿಲಿಗೆ ಒಯ್ಯುವುದಕ್ಕೆ ಕಾರಣವಿದೆ. ಬಿಸಿಯಾಗುವುದು, ಗ್ಯಾಸ್ ಹೋಗುವುದು ಎರಡಕ್ಕೂ ಹೆಚ್ಚುಕಡಿಮೆ ಒಂದೇ ರೀತಿ ಆಗಬೇಕು, ಬೆಳಕೊಂದೇ ಬೇರೆಯಾಗಬೇಕು. ಈ ಜೋಡಿ ಜಾರು ಇಲ್ಲದಿದ್ದರೆ ಚಪ್ಪೆಯಾದದ್ದನ್ನೇ ಬೆಳಕಿನ ದೋಷ ಎಂದು ತಿಳಿಯುವ ಅಪಾಯವಿದೆ.

ಬೆಳಕಿಗೆ ಸಿಕ್ಕ ಜಾರಿನಿಂದ ಬರುವ ವಾಸನೆ ಸುಟ್ಟ ರಬ್ಬರು, ಹಳಸಿದ ಈರುಳ್ಳಿ ಇವೆರಡರ ನಡುವೆ ಎಲ್ಲೋ ಇರುತ್ತದೆ. ಹಾಪ್ಸ್ ಹೂವಿನಿಂದ ಬಿಯರಿಗೆ ಕಹಿ ಕೊಡುವುದು ಐಸೋಹ್ಯೂಮುಲೋನ್ ಎಂಬ ವಸ್ತುಗಳು. ಬಿಯರಿನಲ್ಲೇ ಇರುವ ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವ, ನೀಲಿ ಮತ್ತು ಅತಿನೇರಳೆ ಬೆಳಕನ್ನು ಹೀರಿ ಆ ಶಕ್ತಿಯನ್ನು ಇವುಗಳಿಗೆ ದಾಟಿಸುತ್ತದೆ. ಐಸೋಹ್ಯೂಮುಲೋನಿನ ಒಂದು ಕೊಂಡಿ ಕಳಚಿ, ಪ್ರೋಟೀನಿನಿಂದ ಬಂದ ಗಂಧಕದ ಜೊತೆ ಸೇರಿ ಥಯಾಲ್ ಎಂಬ ನಾತದ ವಸ್ತು ಹುಟ್ಟುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಕಂದು ಗಾಜು ಈ ಬೆಳಕನ್ನು ಬಹುಪಾಲು ತಡೆಯುತ್ತದೆ. ಹಸಿರು ಗಾಜು, ಬಿಳಿ ಗಾಜು ತಡೆಯುವುದಿಲ್ಲ. ಬಿಳಿ ಬಾಟಲಿಯಲ್ಲಿ ಬರುವ ಕೆಲವು ಬಿಯರುಗಳಿಗೆ ರಾಸಾಯನಿಕವಾಗಿ ಮಾರ್ಪಡಿಸಿದ ಹಾಪ್ಸ್ ಸಾರ ಬಳಸಿರುತ್ತಾರೆ, ಅವು ಬಿಸಿಲಿಗೆ ಜಗ್ಗುವುದಿಲ್ಲ. ಆದ್ದರಿಂದ ಈ ಪರೀಕ್ಷೆಗೆ ಅಂಥವು ಬೇಡ.

ಈಗ ಲೋಟಗಳ ವಿಷಯ. ಎರಡು ಲೋಟ ಮುಂದಿಟ್ಟು ‘ವ್ಯತ್ಯಾಸ ಇದೆಯಾ’ ಎಂದು ಕೇಳಿದರೆ ಹೆಚ್ಚಿನವರು ಇದೆ ಅನ್ನುತ್ತಾರೆ, ಎರಡೂ ಒಂದೇ ಆಗಿದ್ದರೂ ಕೂಡ. ಇದನ್ನು ತಪ್ಪಿಸುವ ಉಪಾಯವೇ ತ್ರಿಕೋನ ಪರೀಕ್ಷೆ. 1940ರ ದಶಕದಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ಬಿಯರಿಗಾಗಿಯೇ ರೂಪುಗೊಂಡ ಈ ವಿಧಾನ ಈಗ ಐಎಸ್ಒ 4120 ಎಂಬ ಅಂತರರಾಷ್ಟ್ರೀಯ ಮಾನಕ. ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಎಂದಷ್ಟೇ ಹೇಳಬೇಕು. ಚೆನ್ನಾಗಿದೆಯೋ ಇಲ್ಲವೋ ಎಂಬ ಪ್ರಶ್ನೆ ಆಮೇಲೆ. ರುಚಿ ಅಳೆಯುವುದನ್ನೇ ಅಧ್ಯಯನ ಮಾಡುವ ವಿಭಾಗವೊಂದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೇ ಇದೆ. ಆ ಶಾಸ್ತ್ರದ ಈ ಒಂದು ತುಂಡನ್ನು ಮನೆಯ ಅಡುಗೆಮನೆಗೆ ತರುವುದಕ್ಕೆ ಯಾವ ಉಪಕರಣವೂ ಬೇಕಿಲ್ಲ.

ರುಚಿ ನೋಡಲು ಆರು ಜನ, ಬಡಿಸಲು ಏಳನೆಯವರು. ಬಡಿಸುವವರು ಒಳಗೇ ಲೋಟ ತುಂಬಿಸಿಟ್ಟು ಹೊರಗೆ ಕಳಿಸಬೇಕು, ಕೂತವರ ಎದುರು ಮುಖ ತೋರಿಸಬಾರದು. ಒಂದೇ ಥರದ 18 ಕಾಫಿ ಲೋಟ ಬೇಕು. ಸ್ಟೀಲಿನದಾದರೆ ಬಣ್ಣವೂ ಕಾಣದು, ಒಳ್ಳೆಯದೇ. ಪೇಪರ್ ಕಪ್ಪಿಗೆ ತನ್ನದೇ ವಾಸನೆ ಇರುವುದರಿಂದ ಬೇಡ. ಕೆಡದ್ದು ಅ, ಕೆಟ್ಟದ್ದು ಬ ಎಂದುಕೊಂಡರೆ ಅಅಬ, ಅಬಅ, ಬಅಅ, ಬಬಅ, ಬಅಬ, ಅಬಬ ಎಂದು ಆರು ಕ್ರಮಗಳಿವೆ, ಒಬ್ಬೊಬ್ಬರಿಗೆ ಒಂದೊಂದು. ಒಟ್ಟು 9 ಲೋಟ ಅ, 9 ಲೋಟ ಬ. ತಲಾ 35 ಮಿ.ಲೀ. ಸುರಿದರೆ 630 ಮಿ.ಲೀ. ಆಗುತ್ತದೆ, ಒಂದೇ ಬಾಟಲಿಯಲ್ಲಿ ಕೆಲಸ ಮುಗಿಯುತ್ತದೆ. ಒಬ್ಬರ ಪಾಲಿಗೆ 105 ಮಿ.ಲೀ.; ಶೇ. 5ರ ಬಿಯರಾದರೆ ಸುಮಾರು 4 ಗ್ರಾಂ ಮದ್ಯಸಾರ. ಶೇ. 8ರ ಸ್ಟ್ರಾಂಗ್ ಆದರೆ ಆರೂವರೆ ಗ್ರಾಂ ದಾಟುತ್ತದೆ, ಆ ಸುಡುವಿಕೆಯೇ ಉಳಿದೆಲ್ಲ ವಾಸನೆಯನ್ನು ಮುಚ್ಚುತ್ತದೆ; ಕಲಿಯುವುದಕ್ಕೆ ಅದು ತಕ್ಕದ್ದಲ್ಲ. ಎಷ್ಟೇ ಕಡಿಮೆ ಕುಡಿದಿರಲಿ, ಸ್ಕೂಟರ್ ಕೀಲಿ ಮಾತ್ರ ಆ ಸಂಜೆ ಮುಟ್ಟಕೂಡದು.

ಸುಮ್ಮನೆ ಊಹಿಸಿದರೂ ಆರರಲ್ಲಿ ಇಬ್ಬರ ಉತ್ತರ ಸರಿಯಾಗುವ ಲೆಕ್ಕವಿದೆ. ನಾಲ್ಕು ಜನ ಸರಿ ಹೇಳಿದರೂ ಸಂಭ್ರಮಿಸುವಂತಿಲ್ಲ, ಅದು ಬರೀ ಊಹೆಯಿಂದ ಆಗುವ ಸಾಧ್ಯತೆ ನೂರಕ್ಕೆ ಹತ್ತು. ಐದು ಜನ ಸರಿ ಹೇಳಿದರೆ ಆ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕೆಳಗಿಳಿಯುತ್ತದೆ. ವ್ಯತ್ಯಾಸ ನಿಜ ಎಂದು ಆಗ ನಂಬಬಹುದು.

ಮೂಗು ಹಾಕುವ ಕ್ರಮವೂ ಮುಖ್ಯ. ಮೊದಲು ಅಂಗೈ ಮುಚ್ಚಿ ಲೋಟವನ್ನು ಒಮ್ಮೆ ತಿರುಗಿಸಿ, ಕೈ ತೆಗೆದು ಎರಡು ಚಿಕ್ಕ ಉಸಿರು ಎಳೆಯಿರಿ. ಮೂರನೆಯ ಉಸಿರಿಗೆ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ಆಮೇಲೆ ಒಂದು ಗುಟುಕು ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ಗಂಟಲ ಹಿಂದಿನಿಂದ ಮೇಲೇರುವ ಆ ಗಾಳಿಯೇ ನಾವು ‘ರುಚಿ’ ಅನ್ನುವುದರ ದೊಡ್ಡ ಪಾಲು. ಕಹಿ ಗುಟುಕಿನಿಂದ ಗುಟುಕಿಗೆ ಕೂಡುತ್ತಾ ಹೋಗುತ್ತದೆ, ಹಾಗಾಗಿ ಲೋಟಗಳ ನಡುವೆ ಒಂದು ನಿಮಿಷ ಬಿಡುವು ಬೇಕು. ನಡುವೆ ಬಾಯಿಗೆ ಬರೀ ಕಡ್ಲೆಪುರಿ, ನೀರು. ಒಗ್ಗರಣೆ ಹಾಕಿದ ಪುರಿ, ಮದ್ದೂರು ವಡೆ, ಮೆಣಸಿನಕಾಯಿ ಬಜ್ಜಿ ಎಲ್ಲ ಪರೀಕ್ಷೆ ಮುಗಿದ ಮೇಲೆ. ಖಾರ ನಾಲಗೆಯನ್ನು ಮರಗಟ್ಟಿಸುತ್ತದೆ. ಸಂಜೆ ದೇವರ ಮುಂದೆ ಹಚ್ಚಿದ ಊದುಬತ್ತಿ, ಮುಡಿದ ಮೈಸೂರು ಮಲ್ಲಿಗೆ ಎರಡೂ ಆ ಕೋಣೆಯಲ್ಲಿ ಇರಬಾರದು. ಇಂಥ ಗಾಢ ಪರಿಮಳದ ಮುಂದೆ ಬಿಯರಿನ ಸಣ್ಣ ವಾಸನೆಗಳು ಸಿಗುವುದೇ ಇಲ್ಲ.

ಫ್ರಿಜ್ಜಿನ 4 ಡಿಗ್ರಿಯಲ್ಲಿ ಯಾವ ದೋಷವೂ ಸರಿಯಾಗಿ ಕಾಣಿಸುವುದಿಲ್ಲ, ಆವಿಯಾಗದ್ದು ಮೂಗಿಗೆ ಬರುವುದಿಲ್ಲ. ಲಾಗರ್ 7-8 ಡಿಗ್ರಿಗೆ, ಗೋಧಿ ಬಿಯರ್, ಸ್ಟೌಟ್‌ಗಳು 10-12 ಡಿಗ್ರಿಗೆ ಬಂದ ಮೇಲೆ ನೋಡಬೇಕು. ನೊರೆ ಗಮನಿಸುವ ದಿನ ಗಾಜಿನ ಗ್ಲಾಸು ಬೇಕು, ಅದರಲ್ಲಿ ಜಿಡ್ಡಿನ ಲವಲೇಶವೂ ಇರಬಾರದು. ಹಾಲಿನ ಕೊಬ್ಬು, ಪಾತ್ರೆ ಸೋಪು ಎರಡೂ ನೊರೆಯನ್ನು ಕೊಲ್ಲುತ್ತವೆ. ಅಡುಗೆ ಸೋಡಾದಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ ಒಣಗಿಸಿ. ಒದ್ದೆ ಗ್ಲಾಸಿನ ಒಳಮೈಗೆ ಪುಡಿ ಉಪ್ಪು ಉದುರಿಸಿದಾಗ ಎಲ್ಲ ಕಡೆ ಸಮನಾಗಿ ಅಂಟಿದರೆ ಗ್ಲಾಸು ಶುದ್ಧ, ಖಾಲಿ ತೇಪೆ ಉಳಿದರೆ ಅಲ್ಲಿ ಜಿಡ್ಡಿದೆ. ನೋಡಿದ ಮೇಲೆ ಉಪ್ಪನ್ನು ಚೆನ್ನಾಗಿ ತೊಳೆದು ತೆಗೆಯಿರಿ.

ಅಂಗಡಿಯ ಬಿಯರಿಗೆ ಬೆಳಕಿಗಿಂತ ದೊಡ್ಡ ಶತ್ರು ಸೆಖೆ. ಕಾರ್ಖಾನೆಯಲ್ಲಿ ಎಷ್ಟೇ ಎಚ್ಚರವಹಿಸಿದರೂ ಬಾಟಲಿಯೊಳಗೆ ಒಂದಿಷ್ಟು ಆಮ್ಲಜನಕ ಉಳಿಯುತ್ತದೆ. ದಿನ ಕಳೆದಂತೆ ಟ್ರಾನ್ಸ್-2-ನೋನೆನಾಲ್ ಎಂಬ ವಸ್ತು ತಲೆಯೆತ್ತಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಲೀಟರಿಗೆ ಒಂದು ಮೈಕ್ರೋಗ್ರಾಂನ ಹತ್ತನೇ ಒಂದು ಭಾಗವಿದ್ದರೂ ಗೊತ್ತಾಗುತ್ತದೆ. 10 ಡಿಗ್ರಿ ಸೆಖೆ ಏರಿದರೆ ಈ ಮುಪ್ಪು ಎರಡು ಮೂರು ಪಟ್ಟು ಬೇಗ ಬರುತ್ತದೆ. ಏಪ್ರಿಲ್‌ನಲ್ಲಿ ಮಂಡ್ಯದ ಮಧ್ಯಾಹ್ನ 35 ಡಿಗ್ರಿ ದಾಟುವಾಗ ಅಂಗಡಿ ಮುಂದೆ ಪೇರಿಸಿದ ಕ್ರೇಟಿನ ಗತಿ ಊಹಿಸಿಕೊಳ್ಳಿ. ಕಲಿಯಬೇಕಾದರೆ ಒಂದೇ ತಯಾರಿಕಾ ದಿನಾಂಕ, ಒಂದೇ ಬ್ಯಾಚಿನ ಎರಡು ಕ್ಯಾನ್ ತನ್ನಿ. ಒಂದು ಫ್ರಿಜ್ಜಿಗೆ, ಇನ್ನೊಂದನ್ನು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು ಮೂರು ವಾರ ಅಟ್ಟಕ್ಕೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬೇಡ, ಒತ್ತಡ ಏರಿ ಕ್ಯಾನ್ ಸಿಡಿಯಬಹುದು. ತ್ರಿಕೋನ ಪರೀಕ್ಷೆಗೆ ಇಟ್ಟಾಗ ಅಟ್ಟದ ಕ್ಯಾನಿನಲ್ಲಿ ಕಹಿ ತುಸು ಮಂಕಾಗಿ, ಸುಟ್ಟ ಸಕ್ಕರೆಯಂಥ ಸಿಹಿ ಮುಂದೆ ಬಂದು, ಹಿಂದೆಯೇ ರಟ್ಟು ಇಣುಕುತ್ತದೆ. ಕೊಳ್ಳುವಾಗ ಬ್ರ್ಯಾಂಡಿಗಿಂತ ಮೊದಲು ತಯಾರಿಕಾ ದಿನಾಂಕ ಓದುವ ಅಭ್ಯಾಸ ಇದರಿಂದ ತಾನಾಗಿ ಬರುತ್ತದೆ. ನಂಜನಗೂಡಿನ ಕಡೆಯೇ ಬಿಯರ್ ಕಾರ್ಖಾನೆ ಇರುವುದರಿಂದ ಮೈಸೂರಿನವರಿಗೆ ಹೊಸ ಸರಕು ಸಿಗುವ ಅವಕಾಶ ಚೆನ್ನಾಗಿಯೇ ಇದೆ.

ಮನೆಯಲ್ಲಿ ಹುದುಗಿಸಿದ ಬಿಯರಿನ ದೋಷಗಳೇ ಬೇರೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಇಲ್ಲಿ ಮದ್ಯ ತಯಾರಿಸುವಂತಿಲ್ಲ, ಮನೆ ಬಳಕೆಗೂ ಇಲ್ಲ. ಬ್ರಿಟನ್ನಿನಲ್ಲಿ 1963ರಿಂದ ಲೈಸೆನ್ಸ್ ಬೇಕಿಲ್ಲ, ಅಮೆರಿಕದಲ್ಲಿ 1978ರ ಕಾನೂನು ದಾರಿ ತೆರೆಯಿತು. ಅಲ್ಲಿ ನೆಲೆಸಿರುವ ನಮ್ಮವರ ಮನೆಯಲ್ಲಿ ಅಂಥ ಬಾಟಲಿ ಎದುರಾದಾಗ ಏನು ಹುಡುಕಬೇಕು ಅನ್ನುವುದು ತಿಳಿದಿರಲಿ.

ಮೊದಲು ಬಾಟಲಿಯನ್ನು ಎರಡು ದಿನ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ, ಒಂದೇ ಓಟಕ್ಕೆ ಜಗ್ಗಿಗೆ ಬಗ್ಗಿಸಿ ತಳದ ಒಂದೆರಡು ಸೆಂಟಿಮೀಟರು ಬಿಟ್ಟುಬಿಡಬೇಕು. ಅಲ್ಲಿರುವುದು ಯೀಸ್ಟಿನ ಗಸಿ. ಗೋಧಿ ಬಿಯರಿನಲ್ಲಿ ರಸಬಾಳೆಯ ಘಮ, ಲವಂಗದ ಘಮ ಬಂದರೆ ಅದು ಗುಣ. ತಿಳಿ ಲಾಗರಿನಲ್ಲಿ ಬಂದರೆ ಹುದುಗುವಾಗ ಸೆಖೆ ಹೆಚ್ಚಾಗಿದೆ ಅಥವಾ ಬೇರೆ ಯೀಸ್ಟು ಹೊಕ್ಕಿದೆ. ಬೇಯಿಸಿದ ಮುಸುಕಿನ ಜೋಳದ ವಾಸನೆ ಡೈಮೀಥೈಲ್ ಸಲ್ಫೈಡಿನದು, ಹುದುಗಿಸುವ ಮುನ್ನ ಮಾಲ್ಟಿನ ರಸವನ್ನು ಪಾತ್ರೆಗೆ ಮುಚ್ಚಳ ಹಾಕಿ ಕುದಿಸಿದ್ದರ ಫಲ. ಹಸಿ ಸೇಬಿನ ವಾಸನೆ ಅವಸರದ್ದು: ಮದ್ಯಸಾರವಾಗುವ ಹಿಂದಿನ ಮೆಟ್ಟಿಲಾದ ಅಸಿಟಾಲ್ಡಿಹೈಡ್ ಇನ್ನೂ ಉಳಿದಿದೆ. ಆಸ್ಪತ್ರೆಯ, ಬ್ಯಾಂಡೇಜಿನ ವಾಸನೆ ಬಂದರೆ ನಲ್ಲಿ ನೀರಿನ ಕ್ಲೋರಿನ್ ಮಾಲ್ಟಿನ ಫೀನಾಲುಗಳೊಂದಿಗೆ ಸೇರಿದೆ, ಅದಕ್ಕೆ ಮದ್ದಿಲ್ಲ, ಚೆಲ್ಲಬೇಕು.

ಬೆಣ್ಣೆ ಹಾಕಿದ ಪಾಪ್‌ಕಾರ್ನಿನ ವಾಸನೆ ಡೈಅಸಿಟೈಲಿನದು. ಯೀಸ್ಟ್ ಹೊರಚೆಲ್ಲಿದ ಒಂದು ಪೂರ್ವವಸ್ತು ಬಿಯರಿನಲ್ಲಿ ನಿಧಾನವಾಗಿ ಡೈಅಸಿಟೈಲಾಗುತ್ತದೆ. ಸಮಯ ಕೊಟ್ಟರೆ ಯೀಸ್ಟೇ ಅದನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಸಮಯ ಸಾಕಾಗಿದೆಯೇ ಎಂದು ತಿಳಿಯಲು ಮಾಡುವವರು ಬಾಟಲಿಗೆ ತುಂಬುವ ಮುನ್ನ ಎರಡು ಮಾದರಿ ತೆಗೆದು, ಒಂದನ್ನು ಮುಚ್ಚಳ ಸಡಿಲವಾಗಿಟ್ಟು 60-65 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತಣಿಸಿ, ಎರಡನ್ನೂ ಮೂಸಿ ನೋಡುತ್ತಾರೆ. ಬಿಸಿ ಮಾಡಿದ್ದರಲ್ಲಷ್ಟೇ ಬೆಣ್ಣೆ ಬಂದರೂ ಪೂರ್ವವಸ್ತು ಇನ್ನೂ ಇದೆ, ಎರಡು ಮೂರು ದಿನ ತಡೆಯಬೇಕು.

ತಡೆಯದಿದ್ದರೆ ರುಚಿಯಷ್ಟೇ ಕೆಡುವುದಿಲ್ಲ. ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಿದ, ಅಂದರೆ ಹುದುಗುವುದು ನಿಂತ ಮೇಲೆ, ಗ್ಯಾಸಿಗಾಗಿ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಸೇರಿಸಿ ಬಾಟಲಿಗೆ ತುಂಬುವುದು ಸಾಮಾನ್ಯ ಕ್ರಮ. 20 ಲೀಟರಿಗೆ 120 ಗ್ರಾಂ. ಅಂಕಿ 1.014 ಇದ್ದಾಗಲೇ ತುಂಬಿ, ಉಳಿದ ಸಕ್ಕರೆಯನ್ನು ಯೀಸ್ಟ್ ತಿಂದು ಒಳಗೆ ಅದು 1.010ಕ್ಕೆ ಇಳಿದರೆ ಬಿಯರಿನ ಗಾತ್ರದ ಎರಡು ಪಟ್ಟು ಇಂಗಾಲದ ಡೈಆಕ್ಸೈಡ್ ಹೆಚ್ಚುವರಿ ಸೇರುತ್ತದೆ, ಬಾಟಲಿ ಒಡೆಯಬಹುದು. ಅಂಥ ಬ್ಯಾಚಿನ ಒಂದು ಬಾಟಲಿ ತೆರೆದಾಗ ನೊರೆ ಉಕ್ಕಿ ಹರಿದರೆ ಉಳಿದವನ್ನು ಮುಟ್ಟಲು ಅವಸರ ಬೇಡ. ದಪ್ಪ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಫ್ರಿಜ್ಜಿಗೆ ಸೇರಿಸಿ, ಪೂರ್ತಿ ತಣಿದ ಮೇಲೆ ಸಿಂಕಿನಲ್ಲಿಟ್ಟು, ಟವೆಲಿನ ಒಳಗಿಂದಲೇ ಮುಚ್ಚಳವನ್ನು ತುಸುವೇ ಎತ್ತಿ ಗ್ಯಾಸ್ ಬಿಡಬೇಕು.