ಪಾಲಿಸಿ ಇದೆ, ಮತ್ತೆ ಕಟ್ಟೆ ಯಾಕೆ ಕಟ್ಟಿಸಬೇಕು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಾಲಾ ಹತ್ತಿರ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಬ್ಯಾಂಕ್ ಸಾಲದ ಜೊತೆಗೇ ವಿಮೆಯೂ ಆಗಿದೆ. ವರ್ಷ ವರ್ಷ ಪ್ರೀಮಿಯಂ ತಪ್ಪದೆ ಹೋಗುತ್ತದೆ. ಈ ಸಲ ಅಂಗಡಿ ನೋಡಲು ಬಂದ ವಿಮೆ ಕಡೆಯವರು ಬಾಗಿಲಿಗೆ ಕಟ್ಟೆ ಕಟ್ಟಿಸಿ, ಕೆಳಗಿನ ರ‍್ಯಾಕ್ ಎತ್ತರಿಸಿ ಅಂದರು. ನೀರು ಹೊಕ್ಕರೆ ದುಡ್ಡು ಕೊಡೋದು ಅವರ ಕೆಲಸ ಅಲ್ವಾ? ನಾನ್ಯಾಕೆ ಮೇಲೆ ಖರ್ಚು ಮಾಡಬೇಕು?

ಉತ್ತರ: ನೀರು ಹೊಕ್ಕಾಗ ಆಗುವ ನಷ್ಟದಲ್ಲಿ ವಿಮೆ ತುಂಬಿಕೊಡೋದು ಒಂದು ಪಾಲು ಮಾತ್ರ. ಉಳಿದದ್ದು ನಿಮ್ಮ ಗಲ್ಲಾಪೆಟ್ಟಿಗೆಯಿಂದಲೇ ಹೋಗುತ್ತದೆ. ಅದಕ್ಕೇ ಕಟ್ಟೆ. ಆ ಪಾಲು ಎಷ್ಟು ಅಂತ ತಿಳಿಯಬೇಕಾದರೆ ಮೊದಲು ಪಾಲಿಸಿ ಕಾಗದ ಕೈಗೆ ತಗೊಳ್ಳಿ. ಬ್ಯಾಂಕಿನ ಜೊತೆ ಬಂದ ಪಾಲಿಸಿಯನ್ನು ಎಷ್ಟೋ ಅಂಗಡಿಯವರು ಬಿಚ್ಚಿ ನೋಡಿರುವುದೇ ಇಲ್ಲ.

ಅದರಲ್ಲಿ ಮೊದಲು ನೋಡಬೇಕಾದ್ದು ವಿಳಾಸ. ಅಂಗಡಿಯ ವಿಳಾಸ ಇದ್ದು, ದೀಪಾವಳಿ ಮಾಲು ಹಿಂದಿನ ಓಣಿಯ ಗೋದಾಮಿನಲ್ಲಿ ಇದ್ದರೆ ಆ ಮಾಲಿಗೆ ಕ್ಲೇಮ್ ಸಿಗೋದು ಕಷ್ಟ. ಎರಡೂ ಜಾಗ ಪಾಲಿಸಿಯಲ್ಲಿ ಬರೆಸಬೇಕು. ಆಮೇಲೆ ಎಸ್‌ಟಿಎಫ್‌ಐ ಅನ್ನೋ ನಾಲ್ಕು ಅಕ್ಷರ ಹುಡುಕಿ. ಬಿರುಗಾಳಿ, ಪ್ರವಾಹ, ನೀರು ನುಗ್ಗುವುದು ಎಲ್ಲ ಸೇರಿದ ಗುಂಪಿಗೆ ವಿಮೆಯವರು ಇಟ್ಟ ಹೆಸರು ಅದು. ಹಳೆಯ ಮಾದರಿಯ ಬೆಂಕಿ ಪಾಲಿಸಿಗಳಲ್ಲಿ ಇದನ್ನು ತೆಗೆಸಿ ಪ್ರೀಮಿಯಂ ಕಡಿಮೆ ಮಾಡಿಸಿಕೊಳ್ಳಲು ಅವಕಾಶ ಇತ್ತು. ನಾಲಾ ಪಕ್ಕದ ಅಂಗಡಿಗೆ ಹಾಗೆ ಮಾಡೋದು ಅಂದರೆ ಛತ್ರಿ ಮಾರಿ ಮಳೆಗೆ ಹೊರಟಂತೆ.

ಮೂರನೆಯದು ಮೊತ್ತ. ಜಾಸ್ತಿ ಜನ ಪೆಟ್ಟು ತಿನ್ನೋದು ಇಲ್ಲೇ. ನಿಮ್ಮ ಅಂಗಡಿಯಲ್ಲಿ ₹20 ಲಕ್ಷದ ಮಾಲು ಇದೆ, ವಿಮೆ ಮಾಡಿಸಿದ್ದು ₹10 ಲಕ್ಷಕ್ಕೆ ಅಂತ ಇಟ್ಟುಕೊಳ್ಳಿ. ನೀರು ಹೊಕ್ಕು ₹4 ಲಕ್ಷದ ಬಟ್ಟೆ ಹಾಳಾಯಿತು. ನಾಲ್ಕು ಲಕ್ಷ ಹತ್ತು ಲಕ್ಷದೊಳಗೇ ಇದೆಯಲ್ಲ, ಪೂರ್ತಿ ಬರುತ್ತದೆ ಅಂತ ನೀವು ಅಂದುಕೊಳ್ಳುತ್ತೀರಿ. ಬರೋದು ₹2 ಲಕ್ಷ. ಅರ್ಧ ಮಾಲಿಗೆ ಮಾತ್ರ ವಿಮೆ ಮಾಡಿಸಿದ್ದರಿಂದ ನಷ್ಟದಲ್ಲೂ ಅರ್ಧವೇ ಅವರದು. 2021ರ ಏಪ್ರಿಲ್ 1ರಿಂದ ಚಿಕ್ಕ ವ್ಯಾಪಾರಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅನ್ನೋ ಪಾಲಿಸಿ ಬಂದಿದೆ. ಒಂದು ಜಾಗದಲ್ಲಿ ₹5 ಕೋಟಿವರೆಗಿನ ಆಸ್ತಿಗೆ ಅದು ಅನ್ವಯ. ಅದರಲ್ಲಿ ಶೇ 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ. ಶೇ 50 ಕೊರತೆ ಇದ್ದರೆ ಅದೂ ಕಾಯೋದಿಲ್ಲ. ಬಂದ ಎರಡು ಲಕ್ಷದಲ್ಲೂ ಎಕ್ಸೆಸ್ ಅಂತ ಮೊದಲ ಒಂದಿಷ್ಟು ಕಡಿತ ಆಗುತ್ತದೆ. ನೆನೆದ ಬಟ್ಟೆ ಚಿಂದಿ ಬೆಲೆಗೆ ಹೋದರೆ ಆ ದುಡ್ಡೂ ಕಳೆಯುತ್ತಾರೆ. ಅಂಗಡಿ ಹದಿನೈದು ದಿನ ಮುಚ್ಚಿದ್ದಕ್ಕೆ, ಗಿರಾಕಿ ಪಕ್ಕದ ಅಂಗಡಿ ಹಿಡಿದದ್ದಕ್ಕೆ, ಸಾಮಾನ್ಯ ಪಾಲಿಸಿಯಲ್ಲಿ ಒಂದು ರೂಪಾಯಿಯೂ ಇಲ್ಲ. ಸಾಲ ಇದ್ದರೆ ಚೆಕ್ ಮೊದಲು ಹೋಗೋದು ಬ್ಯಾಂಕಿಗೆ.

ಈಗ ಕಟ್ಟೆ ವಿಷಯ. ನಷ್ಟ ಎಷ್ಟು ಅಂತ ಲೆಕ್ಕ ಹಾಕಲು ವಿಮೆಯವರು ಕಳಿಸುವ ಸರ್ವೇಯರ್ ಒಬ್ಬರು ನನಗೆ ಪರಿಚಯ. ಅವರು ನೀರು ಇಳಿದ ಅಂಗಡಿ ನೋಡಲು ಹೊರಟಾಗ ನಾನೂ ಸುಮ್ನೆ ಜೊತೆಗೆ ಹೋಗಿದ್ದೆ. ಅವರು ಮಾಲಿನ ಕಡೆ ನೋಡಲೇ ಇಲ್ಲ. ಸೀದಾ ಗೋಡೆ ಹತ್ತಿರ ಕೂತು, ಕೆಸರಿನ ಗೆರೆಗೆ ಟೇಪ್ ಹಿಡಿದರು. ಹದಿನಾಲ್ಕು ಇಂಚು. ಆಮೇಲೆ ಕೆಳಗಿನ ರ‍್ಯಾಕ್ ಅಳೆದರು, ಫರಸಿಯಿಂದ ನಾಲ್ಕು ಇಂಚು. ಮೇಲಿನ ರ‍್ಯಾಕಿನ ಸೀರೆಗಳು ಗರಿಗರಿಯಾಗಿ ಹಾಗೇ ಇದ್ದವು. ಕೆಳಗಿನದರಲ್ಲಿ ಸೂಟಿಂಗ್ ತಾನುಗಳು ನೀರು ಕುಡಿದು ಉಬ್ಬಿ, ಎಳೆದರೂ ಹೊರಗೆ ಬರುತ್ತಿರಲಿಲ್ಲ. ಅಂಗಡಿಯ ಅತಿ ತುಟ್ಟಿ ಮಾಲು ಅದೇ. ಭಾರ ಅಂತ ಕೆಳಗೆ ಇಟ್ಟಿದ್ದರು. ‘ಸ್ಟಾಕ್ ರಿಜಿಸ್ಟರ್ ಕೊಡ್ರಿ’ ಅಂದರೆ ಮಾಲೀಕರು ಕೌಂಟರಿನ ಕೆಳಗಿನ ಖಾನೆ ಎಳೆದರು. ಒಳಗೆ ರಾಡಿ. ‘ಎಲ್ಲಾ ಇದರಾಗ ಇತ್ರಿ ಸಾಹೇಬ್ರ’ ಅಂತ ಅವರು ನಿಂತೇಬಿಟ್ಟರು.

ಹತ್ತು ಇಂಚಿನ ಅಂತರದಲ್ಲಿ ಅಷ್ಟೂ ನಷ್ಟ ಇತ್ತು. ಊರಿನ ಅಂಗಡಿಗೆ ನುಗ್ಗುವ ನೀರು ಸಾಮಾನ್ಯವಾಗಿ ಆಳ ಇರೋದಿಲ್ಲ. ಉಣಕಲ್ ಕೆರೆ ಕೋಡಿ ಬಿದ್ದು ನಾಲಾ ತುಂಬಿದಾಗಲೂ, ಗಟಾರ ಕಟ್ಟಿಕೊಂಡಾಗಲೂ, ಒಂದೆರಡು ಅಡಿ ನಿಂತು ಕೆಲವು ತಾಸಿನಲ್ಲಿ ಇಳಿಯುವುದೇ ಜಾಸ್ತಿ. ಹಾಗಾಗಿ ಮೊದಲ ಒಂದೂವರೆ ಅಡಿಯಲ್ಲಿ ಏನಿದೆ ಅನ್ನೋದರ ಮೇಲೆ ನಷ್ಟದ ಲೆಕ್ಕ ನಿಲ್ಲುತ್ತದೆ. ತುಟ್ಟಿ ಮಾಲು ಮೇಲಕ್ಕೆ. ಪ್ಲಗ್ ಪಾಯಿಂಟ್, ಇನ್ವರ್ಟರ್ ಮೇಲಕ್ಕೆ. ಲೆಕ್ಕದ ಪುಸ್ತಕ ಅಟ್ಟಕ್ಕೆ, ಅದರ ಫೋಟೊ ಫೋನಿಗೆ. ಶಟರ್ ಮುಂದೆ ಕಾಯಂ ಕಟ್ಟೆ ಬೇಡ, ಗಿರಾಕಿ ಎಡವುತ್ತಾರೆ ಅನ್ನುವವರು ಎರಡೂ ಬದಿ ಗೋಡೆಯಲ್ಲಿ ಉದ್ದನೆ ತೋಡು ಕೊರೆಸಿ, ಬೇಕಾದಾಗ ಹಲಗೆ ಇಳಿಸುವ ಹಾಗೆ ಮಾಡಿಸಬಹುದು. ಇನ್ನೊಂದು ಮಾತು. ಎಷ್ಟೋ ಅಂಗಡಿಗಳಿಗೆ ನೀರು ಬಾಗಿಲಿನಿಂದ ಬರೋದೇ ಇಲ್ಲ, ಹಿಂದಿನ ಬಚ್ಚಲ ಪೈಪಿನಿಂದ ಉಕ್ಕುತ್ತದೆ. ಅಲ್ಲಿ ನೀರು ವಾಪಸ್ ಬರದಂತೆ ವಾಲ್ವ್ ಹಾಕಿಸದೆ ಮುಂದೆ ಎಷ್ಟು ಕಟ್ಟೆ ಕಟ್ಟಿದರೂ ವ್ಯರ್ಥ.

ಮನೆ ಇರುವವರಿಗೂ ಎರಡು ಮಾತು ಹೇಳಬೇಕು. ಹುಬ್ಬಳ್ಳಿಯಿಂದ ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದ, ಗದಗ ಕಡೆಗೆಲ್ಲ ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಮೇಲಿನ ಮನೆಯೂ ಅದರ ಜೊತೆ ಏಳುತ್ತದೆ, ಕೂರುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಓಡುತ್ತದೆ. ‘ಮಳಿಯಿಂದ ಗ್ವಾಡಿ ಸೀಳೇತ್ರಿ’ ಅಂತ ಕ್ಲೇಮ್ ಹಾಕಿದರೆ ಸಾಮಾನ್ಯವಾಗಿ ನಿಲ್ಲೋದಿಲ್ಲ. ನೆಲ ಕುಸಿದರೆ ವಿಮೆ ಇದೆ, ಕಟ್ಟಡ ಸಹಜವಾಗಿ ಕೂರುವಾಗ ಬೀಳುವ ಬಿರುಕಿಗೆ ಇಲ್ಲ. ನಿಧಾನಕ್ಕೆ ಜಿನುಗುವ ತೇವಕ್ಕೂ ಇಲ್ಲ. ಇಲ್ಲಿ ನಷ್ಟ ತಡೆಯೋದು ಪಾಯದ ಹೊತ್ತಿಗೇ ಆಗಬೇಕು. ಎರೆ ತೆಗೆದು ಗರಸು ತುಂಬಿ ದಮ್ಮಸು ಮಾಡಿಸೋದು, ಪಾಯ ಆಳಕ್ಕೆ ಒಯ್ಯೋದು. ಕಟ್ಟಿ ಆಗಿದ್ದರೆ ಮನೆ ಸುತ್ತ ಮೂರ್ನಾಲ್ಕು ಅಡಿ ಫರಸಿ ಹಾಸಿ, ಮಾಳಿಗೆ ನೀರು ಗೋಡೆ ಬುಡಕ್ಕೆ ಬೀಳದಂತೆ ದೂರ ಹರಿಸಿ.

ಮಲಪ್ರಭಾ, ಬೆಣ್ಣಿಹಳ್ಳದ ದಂಡೆಯ ಕಥೆ ಬೇರೆ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೊಣ್ಣೂರು, ಹೊಳೆಆಲೂರು ಕಡೆ ನೀರು ಊರೊಳಗೇ ಬಂತು. ಕಟ್ಟೆಯ ಮಾತೇ ಅಲ್ಲಿ ಬರೋದಿಲ್ಲ. ಮಣ್ಣಿನ ಮಾಳಿಗೆ ದಿನಗಟ್ಟಲೆ ನೀರು ಹೀರಿ ಭಾರವಾಗಿ, ಜಂತಿ ಮುರಿದು ಕೂತುಬಿಡುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ ₹5 ಲಕ್ಷ ಪರಿಹಾರ ಘೋಷಿಸಿತು. ಅದು ಪರಿಹಾರ, ವಿಮೆ ಅಲ್ಲ. ಮುಂದಿನ ಸಲವೂ ಅಷ್ಟೇ ಬರುತ್ತದೆ ಅಂತ ನಂಬಿ ಕೂರುವಂತಿಲ್ಲ. ಮನೆಗಳಿಗೆ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. ಅದರಲ್ಲಿ ಕಟ್ಟಡದ ಮೊತ್ತದ ಶೇ 20ರಷ್ಟು, ಗರಿಷ್ಠ ₹10 ಲಕ್ಷದವರೆಗೆ, ಮನೆ ಸಾಮಾನಿಗೂ ತಾನಾಗಿಯೇ ವಿಮೆ ಸಿಗುತ್ತದೆ. ಜಾಗದ ಬೆಲೆ ಸೇರಿಸಬೇಡಿ, ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟೇ ಹಾಕಿ. ಮಣ್ಣಿನ ಮನೆಯಾದರೆ ಗೋಡೆ, ಮಾಳಿಗೆ ಯಾವುದರದು ಅಂತ ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ. ಏಜೆಂಟ್ ‘ಇರಲಿ ಬಿಡ್ರಿ, ನಡೀತೈತಿ’ ಅಂದರೆ ಕೇಳಬೇಡಿ.

ಬ್ಯಾಡಗಿ ಕಡೆ ಮೆಣಸಿನಕಾಯಿ ಗೋದಾಮು ಇಟ್ಟವರಿಗೆ ಪತ್ರಾಸಿನದೇ, ಅಂದರೆ ಮೇಲೆ ಹೊದಿಸಿದ ತಗಡಿನದೇ ಚಿಂತೆ. ಮುಂಗಾರಿಗೆ ಮುಂಚಿನ ಗಾಳಿ ಪತ್ರಾಸನ್ನು ಅಂಚಿನಿಂದ ಎಬ್ಬಿಸುತ್ತದೆ. ಅಂಚಿನ ಸಾಲಿಗೆ ಹುಕ್ಕು ಒತ್ತಾಗಿ ಹಾಕಿಸಿ, ಸಡಿಲಾದದ್ದನ್ನು ಏಪ್ರಿಲ್ ಒಳಗೇ ಬಿಗಿ ಮಾಡಿಸಿ.

ಇಷ್ಟೆಲ್ಲ ಮಾಡಿಯೂ ನೀರು ಹೊಕ್ಕಿತು ಅನ್ನಿ. ಮೊದಲು ಕರೆಂಟ್ ತೆಗೆಯಿರಿ. ಫೋಟೊ, ವಿಡಿಯೊ ಹಿಡಿದು ಅವತ್ತೇ ವಿಮೆಯವರಿಗೆ ತಿಳಿಸಿ. ನೆನೆದ ಮಾಲು ಬೇರೆ, ಒಣ ಮಾಲು ಬೇರೆ ಮಾಡಿ. ಸರ್ವೇಯರ್ ನೋಡುವವರೆಗೆ ನೆನೆದದ್ದನ್ನು ಎಸೆಯಬೇಡಿ. ಒಣಗಿಸಿದರೆ ಉಳಿಯುವುದನ್ನು ಕೊಳೆಯಲು ಬಿಟ್ಟು ‘ವಿಮೆ ಐತಲ್ಲ’ ಅಂತ ಕೂತರೆ ಅದನ್ನೇ ಹಿಡಿದು ಕ್ಲೇಮ್ ಕತ್ತರಿಸುತ್ತಾರೆ. ನಷ್ಟ ಹೆಚ್ಚಾಗದಂತೆ ನೋಡಿಕೊಳ್ಳೋದು ನಿಮ್ಮ ಜವಾಬ್ದಾರಿ ಅಂತ ಪಾಲಿಸಿಯ ಷರತ್ತಿನಲ್ಲೇ ಇರುತ್ತದೆ.

ಕಟ್ಟೆ ಎಷ್ಟು ಎತ್ತರ ಇರಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಿಂದಿನ ಮಳೆಯ ಗೆರೆ ಗೋಡೆ ಮೇಲೆ ಎಲ್ಲೋ ಇನ್ನೂ ಇರುತ್ತದೆ. ದಸರಾಕ್ಕೆ ಸುಣ್ಣ ಬಳಿಸುವ ಮುಂಚೆ ಟೇಪ್ ಹಿಡಿದು ಅಳೆಯಿರಿ. ಅದರ ಮೇಲೆ ಇನ್ನೂ ಅರ್ಧ ಅಡಿ ಸೇರಿಸಿ ಗೌಂಡಿಗೆ ಹೇಳಿ.